ಹೆಸರು ಹೇಳಿದವನು, ಹೇಳದವನು

ಯಾದಗಿರಿಯಿಂದ ಶಹಾಪುರ ದಾಟಿ ಸುರಪುರಕ್ಕೆ ಹೋದವರಿಗೆ ಅಲ್ಲಿನ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಪರಿಚಿತ. ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್, ಬಾಲಕ ದೊರೆ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬರುವ ತನಕ, ಅಂದರೆ 1853ರವರೆಗೆ, ಸುರಪುರದ ಆಡಳಿತ ನೋಡಿಕೊಂಡ. ದೊರೆ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಟೇಲರ್ ಕತೆಗಾರನೂ ಹೌದು. ಅವನ ಎರಡು ಪುಸ್ತಕಗಳನ್ನು ಜೊತೆಗಿಟ್ಟು ಓದಿದರೆ, ಎಲ್ಲರ ಜೀವಕ್ಕೂ ಒಂದೇ ಬೆಲೆಯೇ ಎಂಬ ಹಳೆಯ ಪ್ರಶ್ನೆ ಮತ್ತೆ ಕಾಡುತ್ತದೆ.

ಮೊದಲನೆಯದು 1839ರ ಕಾದಂಬರಿ 'ಕನ್ಫೆಷನ್ಸ್ ಆಫ್ ಎ ಥಗ್'. ಅದರ ಅಮೀರ್ ಅಲಿ ಮಾಫಿ ಸಾಕ್ಷಿ; ಸಂಗಡಿಗರ ಹೆಸರು ಹೇಳಿ ತನ್ನ ಜೀವ ಉಳಿಸಿಕೊಂಡವನು. ತಾನು ಪಾಲ್ಗೊಂಡ ಕೊಲೆಗಳ ಲೆಕ್ಕವನ್ನೂ ಕೊಡುತ್ತಾನೆ: 719. ಅವನಿಗೆ ಸತ್ತವರು ಬರೀ ಅಂಕಿ.

ಎರಡನೆಯದು, ಟೇಲರ್ ತೀರಿಕೊಂಡ ಮೇಲೆ 1877ರಲ್ಲಿ ಬಂದ ಅವನ ಆತ್ಮಕಥೆ. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಬಂಡೆದ್ದು, ಸೋತು, ಹೈದರಾಬಾದಿನಲ್ಲಿ ಸೆರೆಯಾದ. ಬಂಡಾಯಕ್ಕೆ ಪ್ರೇರೇಪಿಸಿದವರ ಹೆಸರು ಹೇಳಿಸುವ ಕೆಲಸ ಟೇಲರನ ಪಾಲಿಗೆ ಬಂತು. ಹೇಳಿದ್ದರೆ ದಯೆ ಸಿಗಬಹುದಿತ್ತು. ದೊರೆ ಹೇಳಲಿಲ್ಲ. ಕಳ್ಳನ ಹಾಗೆ ನೇಣು ಬೇಡ, ತೋಪಿನ ಬಾಯಿಗೆ ಕಟ್ಟಲಿ ಎಂದಷ್ಟೇ ಕೇಳಿಕೊಂಡ. ಮರಣದಂಡನೆ ಕೊನೆಗೆ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಆ ಸೆರೆಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಸತ್ತ.

1967ರಲ್ಲಿ ಫಿಲಿಪ್ಪಾ ಫುಟ್ ಎಂಬ ತತ್ವಶಾಸ್ತ್ರಜ್ಞೆ ಒಂದು ಒಗಟು ಇಟ್ಟರು: ಹಳಿಯ ಮೇಲಿನ ಐವರನ್ನು ಉಳಿಸಲು ಟ್ರಾಮನ್ನು ಒಬ್ಬನ ಮೇಲೆ ತಿರುಗಿಸಬಹುದೇ? ಇಂಥ ಒಗಟಿನ ಮುಂದೆ ನಾವು ಬೇಗ ಲೆಕ್ಕಕ್ಕಿಳಿಯುತ್ತೇವೆ. ಜೀವಗಳು ಸಮ ಎಂದಮೇಲೆ ಕೂಡಿಸಿ ಕಳೆಯಬಹುದಲ್ಲ! ವೆಂಕಟಪ್ಪ ನಾಯಕ ಲೆಕ್ಕ ಹಾಕಲಿಲ್ಲ. ತನ್ನ ಜೀವ ಕೀಳೆಂದೂ ಅವನು ಹೇಳಲಿಲ್ಲ. ಅದನ್ನು ಇನ್ನೊಬ್ಬರ ಜೀವ ಕೊಟ್ಟು ಕೊಳ್ಳಲು ಒಪ್ಪಲಿಲ್ಲ, ಅಷ್ಟೇ. ಸಮಾನತೆಗೆ ಇದಕ್ಕಿಂತ ಗಟ್ಟಿಯಾದ ಅರ್ಥ ನನಗೆ ಕಾಣದು.

ಆಳುವವರ ಕಡೆಯವನಾಗಿಯೂ ಟೇಲರ್ ಈ ನಿರಾಕರಣೆಯನ್ನು ಮರೆಮಾಚದೆ, ಮಮತೆಯಿಂದ ಬರೆದ. ಅದು ಅವನ ದೊಡ್ಡತನ. ಆದರೆ ಸುರಪುರದ ಕಾಳಗದಲ್ಲಿ ಮಡಿದ ಕ್ಯಾಪ್ಟನ್ ನ್ಯೂಬೆರಿಯ ಹೆಸರು ಉಳಿಯಿತು. ಅದೇ ನೆಲದಲ್ಲಿ ಬಿದ್ದ ಬೇಡ ಪಡೆಯವರು ಗುಂಪಾಗಿಯೇ ಉಳಿದರು. ಕಾದಂಬರಿಯ 719ಕ್ಕೂ ಈ ಗುಂಪಿಗೂ ಓದುಗನ ಮನಸ್ಸಿನಲ್ಲಿ ವ್ಯತ್ಯಾಸವೇನು? ಹೆಸರಿದ್ದವನಿಗಾಗಿ ಮರುಗುತ್ತೇವೆ, ಉಳಿದವರನ್ನು ದಾಟಿ ಮುಂದಿನ ಪುಟಕ್ಕೆ ಹೋಗುತ್ತೇವೆ.

ಇದು ಟೇಲರನೊಬ್ಬನ ದೋಷವಲ್ಲ. ಇಂದಿಗೂ ಗಲಭೆಯ ಸುದ್ದಿ ಬಂದರೆ 'ನಮ್ಮವರೆಷ್ಟು?' ಎಂದೇ ಮೊದಲು ಕೇಳುತ್ತೇವೆ. ನಮ್ಮ ಕತೆಗಳೂ ಅದನ್ನೇ ಕೇಳುತ್ತಿದ್ದರೆ, ಟೇಲರನನ್ನು ದೂರುವ ಹಕ್ಕು ನಮಗೆಲ್ಲಿಯದು?