ಹಾಜರಿ ಪುಸ್ತಕದ ಕ್ರಮ

ನನ್ನ ತಂಗಿಯ ಮನೆ ಹೊಸೂರಿನಲ್ಲಿದೆ. 2021ರ ಕೊನೆಯಲ್ಲಿ ನಾಲ್ಕು ದಿನ ಅಲ್ಲಿಗೆ ಹೋಗಿದ್ದಾಗ ಮನೆಮಂದಿಯೆಲ್ಲ ರಾತ್ರಿ ಊಟದ ತಟ್ಟೆ ಹಿಡಿದು ಟಿ.ವಿ. ಮುಂದೆ ಕೂರುತ್ತಿದ್ದರು. ಜೀ ತಮಿಳಿನಲ್ಲಿ ‘ಸರ್ವೈವರ್’ ಎಂಬ ಸ್ಪರ್ಧೆ ಬರುತ್ತಿತ್ತು. ಜಾಂಜಿಬಾರ್ ಕಡೆಯ ದ್ವೀಪ, ಅಲ್ಲಿ ಬಿಟ್ಟ ಒಂದಷ್ಟು ಜನ, ನಡೆಸಿಕೊಡುವವರು ನಮ್ಮ ಕನ್ನಡಿಗರೇ ಆದ ಅರ್ಜುನ್ ಸರ್ಜಾ. ಎರಡು ದಿನ ನೋಡಿದ ಮೇಲೆ, “ಇದೇನೋ, ಅಷ್ಟು ದೂರ ಕರಕೊಂಡು ಹೋಗಿ ಜಗಳ ಆಡಿಸೋದಾ? ಜಗಳ ಇಲ್ಲೇ ಸಿಗೋದಿಲ್ವಾ?” ಎಂದುಬಿಟ್ಟೆ. ತಂಗಿಯ ಮಗನಿಗೆ ರೇಗಿತು. “ದೊಡ್ಡಮ್ಮ, ಒಂದು ಸಲ ಅಮೆರಿಕದವರದ್ದು ನೋಡಿ, ಆಮೇಲೆ ಮಾತಾಡಿ” ಎಂದು ಅಲ್ಲಿನ ಮೊದಲ ಸರಣಿಯ ಹದಿಮೂರು ಕಂತುಗಳನ್ನು ತೋರಿಸುವ ಏರ್ಪಾಡು ಮಾಡಿಯೇಬಿಟ್ಟ.

ಮೂಲ ಅಮೆರಿಕದ್ದೂ ಅಲ್ಲ. ಚಾರ್ಲಿ ಪಾರ್ಸನ್ಸ್ ಎಂಬ ಬ್ರಿಟಿಷ್ ನಿರ್ಮಾಪಕನ ಕಲ್ಪನೆ ಅದು. 1997ರಲ್ಲಿ ಸ್ವೀಡನ್ನಿನ ಟಿ.ವಿ.ಯಲ್ಲಿ ‘ರಾಬಿನ್ಸನ್’ ಹೆಸರು ಹೊತ್ತು ಮೊದಲು ಬಂತು. ಅಮೆರಿಕದವರು ಅದನ್ನು 2000ದಲ್ಲಿ ಮಾಡಿದರು. ಮಲೇಷ್ಯಾದ ಸಬಾ ಕರಾವಳಿಯಾಚೆ ಇರುವ ಪುಲಾವ್ ಟಿಗಾ ಎಂಬ ಪುಟ್ಟ ದ್ವೀಪ. ಕೆಸರು ಕುದಿಯುವ ಜ್ವಾಲಾಮುಖಿ ಗುಂಡಿಗಳೂ ಸಮುದ್ರದ ಹಾವುಗಳೂ ಇರುವ ಜಾಗ. ಹದಿನಾರು ಜನ, ಮೂವತ್ತೊಂಬತ್ತು ದಿನ, ಕೊನೆಗೆ ಉಳಿದವರಿಗೆ ಹತ್ತು ಲಕ್ಷ ಡಾಲರ್. ಟಾಗಿ, ಪಗಾಂಗ್ ಎಂದು ಎರಡು ಪಂಗಡ. ಸೋತ ಪಂಗಡ ರಾತ್ರಿ ಪಂಜಿನ ಬೆಳಕಿನಲ್ಲಿ ಪಂಚಾಯ್ತಿ ಸೇರಿ, ಚೀಟಿ ಹಾಕಿ, ತನ್ನವರಲ್ಲೇ ಒಬ್ಬರನ್ನು ಹೊರಗೆ ಕಳಿಸಬೇಕು.

ಮೊದಲ ರಾತ್ರಿ ಹೋದವಳು ಸೋನ್ಯಾ ಕ್ರಿಸ್ಟೋಫರ್. ಅರವತ್ತಮೂರು ವರ್ಷ, ಪುಟ್ಟ ತಂತಿವಾದ್ಯವನ್ನು ನುಡಿಸಿಕೊಂಡು ಎಲ್ಲರನ್ನೂ ನಗಿಸುತ್ತಿದ್ದ ಹೆಂಗಸು. ನೀರಿನಲ್ಲಿ ಓಡುವಾಗ ಬಿದ್ದಳು, ಅಷ್ಟೇ. ನಾನು ಹೋಗಿದ್ದರೂ ಮೊದಲ ರಾತ್ರಿಯೇ ಗಂಟುಮೂಟೆ ಕಟ್ಟುತ್ತಿದ್ದೆ ಎಂಬುದರಲ್ಲಿ ಸಂದೇಹವಿಲ್ಲ. ಹಾಗೆಂದು ವಯಸ್ಸಾದವರಿಗೆ ಜಾಗವಿಲ್ಲ ಎಂದು ತೀರ್ಮಾನಿಸುವ ಹಾಗೂ ಇಲ್ಲ. ನೌಕಾದಳದಿಂದ ನಿವೃತ್ತನಾಗಿದ್ದ ಎಪ್ಪತ್ತೆರಡರ ರೂಡಿ ಬೋಷ್ ಕೊನೆಯ ಮೂವರವರೆಗೂ ಉಳಿದ.

ಹಸಿವು, ಮಳೆ, ಇಲಿ ಸುಟ್ಟು ತಿಂದದ್ದು, ಹುಳು ನುಂಗಿದ್ದು, ಇವನ್ನೇ ಕಾರ್ಯಕ್ರಮದ ಜೀವಾಳ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಅನ್ನಕ್ಕೆ ಅಕ್ಕಿ ಇತ್ತು. ರಿಚರ್ಡ್ ಹ್ಯಾಚ್ ಭರ್ಜಿಯಲ್ಲಿ ಮೀನು ತಿವಿದು ತರುತ್ತಿದ್ದ. ಆಚೆಗೆ ಕ್ಯಾಮೆರಾದವರ ದಂಡೇ ಇತ್ತು. ದ್ವೀಪ ಯಾರನ್ನೂ ಕೊಲ್ಲುತ್ತಿರಲಿಲ್ಲ. ಅವರು ಹೆದರುತ್ತಿದ್ದದ್ದು ಚೀಟಿಗೆ. ಈ ರಿಚರ್ಡ್, ಕೆಲ್ಲಿ, ರೂಡಿ, ಲಾರಿ ಓಡಿಸುತ್ತಿದ್ದ ಸೂ ಹಾಕ್, ಟಾಗಿಯ ನಾಲ್ವರೂ ಮೊದಲೇ ಮಾತಾಡಿಕೊಂಡು ಒಂದೇ ಹೆಸರು ಬರೆಯುವ ಕೂಟ ಕಟ್ಟಿದರು. ಉಳಿದವರಲ್ಲಿ ಹಲವರಿಗೆ ಅದು ಮೋಸವೆಂದೇ ತೋರಿತು. ರಿಚರ್ಡನ ಮೇಲೆ ಎಲ್ಲರೂ ಬರೆದಿದ್ದಾರೆ. ಗೆದ್ದ ಹಣದ ತೆರಿಗೆ ತಪ್ಪಿಸಿದ್ದಕ್ಕೆ 2006ರಲ್ಲಿ ಐವತ್ತೊಂದು ತಿಂಗಳ ಜೈಲುಶಿಕ್ಷೆಯಾದ ಮೇಲಂತೂ ಅವನನ್ನು ಖಳನಾಯಕನನ್ನಾಗಿಸುವುದು ಬಹಳ ಸುಲಭವಾಯಿತು. ನನ್ನ ನಿದ್ದೆ ಕೆಡಿಸಿದವನು ಅವನಲ್ಲ. ಟಾಗಿಯ ಐದನೆಯವನು, ಶಾನ್ ಕೆನಿಫ್ ಎಂಬ ನರರೋಗದ ಡಾಕ್ಟರು.

ಹತ್ತು ಜನ ಉಳಿದಾಗ ಪಂಗಡಗಳೆರಡನ್ನೂ ಒಂದು ಮಾಡಿದರು. ಈ ಕಡೆಯವರು ಐದು, ಆ ಕಡೆಯವರು ಐದು. ಶಾನ್ ಒಳ್ಳೆಯವನು. ಯಾರ ಮನಸ್ಸನ್ನೂ ನೋಯಿಸಲು ಇಷ್ಟವಿಲ್ಲ, ಯಾವ ಕೂಟಕ್ಕೂ ಸೇರಲು ಇಷ್ಟವಿಲ್ಲ. ಆದ್ದರಿಂದ ತಾನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಮತ ಹಾಕುತ್ತೇನೆ ಎಂದು ಸಾರಿದ. ಇದರಲ್ಲಿ ದ್ವೇಷವಿಲ್ಲ, ಪಕ್ಷಪಾತವಿಲ್ಲ. ಹೆಸರಿನ ಮೊದಲ ಅಕ್ಷರ ಯಾವುದೋ ಅದರ ಪ್ರಕಾರ ಸರದಿ. ಕೂಟದವರಿಗೆ ಇನ್ನೇನು ಬೇಕು? ಅವನ ಚೀಟಿ ಯಾವ ದಿನ ಯಾರ ಮೇಲೆ ಬೀಳುತ್ತದೆಂದು ಮೊದಲೇ ಗೊತ್ತಾಯಿತು. ಸರದಿ ಜೆನ್ನಾಳಿಗೆ ಬಂದ ದಿನ ಅವರೂ ಅವಳ ಹೆಸರನ್ನೇ ಬರೆದರು. ಊರಿನಲ್ಲಿ ಇಬ್ಬರು ಅವಳಿ ಹೆಣ್ಣುಮಕ್ಕಳನ್ನು ಬಿಟ್ಟುಬಂದಿದ್ದ ಹುಡುಗಿ ಅವಳು.

ಇಲ್ಲಿ ಕಂತನ್ನು ನಿಲ್ಲಿಸಿ, ಒಂದು ಕಾಗದ ತೆಗೆದುಕೊಂಡು ಹತ್ತೂ ಹೆಸರುಗಳನ್ನು ಇಂಗ್ಲಿಷ್ ಕ್ರಮದಲ್ಲಿ ಬರೆದೆ. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈ, ಬಿಡುವುದಿಲ್ಲ. ಕೊಲೀನ್, ಜರ್ವೇಸ್, ಗ್ರೆಗ್, ಗ್ರೆಚೆನ್, ಜೆನ್ನಾ. ಆಮೇಲೆ ಕೆಲ್ಲಿ, ರಿಚರ್ಡ್, ರೂಡಿ, ಶಾನ್, ಸೂ. ಇಂಗ್ಲಿಷಿನಲ್ಲಿ ಸಿ, ಜಿ, ಜಿ, ಜಿ, ಜೆ; ಆಮೇಲೆ ಕೆ, ಆರ್, ಆರ್, ಎಸ್, ಎಸ್. ಮೊದಲ ಐದೂ ಪಗಾಂಗ್, ಕೊನೆಯ ಐದೂ ಟಾಗಿ! ಪಕ್ಷಪಾತವೇ ಇಲ್ಲದ ಆ ಕ್ರಮದಲ್ಲಿ ನಡೆದರೆ ಶಾನನ ಕಡೆಯ ಒಬ್ಬರಿಗಾದರೂ ಸರದಿ ಬರುವ ಹೊತ್ತಿಗೆ ಎದುರಿನವರ ಸರದಿಯೆಲ್ಲ ಮುಗಿದಿರುತ್ತಿತ್ತು. ನಿಜವಾಗಿಯೂ ಮೊದಲು ಹೊರಬಿದ್ದವರು ಆ ಐವರೇ. ಅವರ ಹಿಂದೆಯೇ ಶಾನನನ್ನೂ ಕಳಿಸಿದರು. ಬೇಕೆಂದು ಮಾಡಿದನೇ? ಇಲ್ಲವೆಂದೇ ನನ್ನ ನಂಬಿಕೆ. ರಿಚರ್ಡನಿಗಾದರೂ ತಾನೇನು ಮಾಡುತ್ತಿದ್ದೇನೆಂಬ ಅರಿವಿತ್ತು; ಬೈದರೆ ಬೈಸಿಕೊಳ್ಳುತ್ತಿದ್ದ.

ನಗಬೇಕಾಗಿತ್ತು, ನಗು ಬರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಏಳನೇ ತರಗತಿಯ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಬೇಕಿತ್ತು. ಮಕ್ಕಳು ಐವತ್ತೆರಡು, ಬಸ್ಸಿನಲ್ಲಿ ಅವರಿಗೆ ಸಿಕ್ಕಿದ್ದು ನಲವತ್ತೈದು ಸೀಟು. ಎಲ್ಲರೂ ದುಡ್ಡು ಕಟ್ಟಿದ್ದರು. ಬಾಯಿ ಜೋರಿದ್ದ ಅಪ್ಪಂದಿರು ಮೊದಲೇ ಬಂದು ಹೇಳಿ ಹೋಗಿದ್ದರು. ನಾನು ಯಾರ ಮುಲಾಜಿಗೂ ಬೀಳಬಾರದೆಂದು ಹಾಜರಿ ಪುಸ್ತಕ ತೆಗೆದು, ಮೊದಲಿನಿಂದ ನಲವತ್ತೈದು ಹೆಸರು ಓದಿ, ಉಳಿದ ಏಳು ಮಕ್ಕಳ ದುಡ್ಡು ವಾಪಸ್ಸು ಕೊಟ್ಟೆ. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಬಸ್ಸು ಹೊರಟು ಸುಮಾರು ದೂರ ಹೋದ ಮೇಲೆ ತಲೆ ಎಣಿಸುವಾಗ ಹೊಳೆಯಿತು. ನಮ್ಮ ಹಾಜರಿ ಪುಸ್ತಕದಲ್ಲಿ ಮೊದಲು ಗಂಡುಮಕ್ಕಳು ಅಕಾರಾದಿಯಾಗಿ, ಆಮೇಲೆ ಹೆಣ್ಣುಮಕ್ಕಳು. ಉಳಿದುಹೋದ ಏಳೂ ಹುಡುಗಿಯರು. ನಾವು ಬಂದ ಮಾರನೆಯ ದಿನ ಅವರಲ್ಲಿ ಕಟ್ಟಕಡೆಯವಳು, ‘ಹ’ಕಾರದ ಹುಡುಗಿ, ಹತ್ತಿರ ಬಂದು, “ಕಲ್ಲಿನ ರಥದ ಚಕ್ರ ತಿರುಗುತ್ತಂತೆ, ಹೌದಾ ಟೀಚರ್?” ಎಂದು ಕೇಳಿದಳು. “ಇಲ್ಲಮ್ಮ, ಈಗ ತಿರುಗದ ಹಾಗೆ ಮಾಡಿದ್ದಾರೆ” ಎಂದೆ. ಅಷ್ಟಕ್ಕೇ ಸಮಾಧಾನಪಟ್ಟವಳ ಹಾಗೆ ಹೋಗಿ ಕೂತಳು.

ಕಾರ್ಯಕ್ರಮದ ಕೊನೆಯ ಘಟ್ಟ ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿದೆ. ಕೊನೆಗೆ ಉಳಿದ ಇಬ್ಬರಲ್ಲಿ ಹಣ ಯಾರಿಗೆ ಎಂದು ನಿರ್ಧರಿಸುವವರು, ಹೊರಬಿದ್ದವರ ಪೈಕಿ ಕೊನೆಯ ಏಳು ಜನ. ಯಾರನ್ನು ದೂಡಿದೆಯೋ ಅವರ ಮುಂದೆಯೇ ಕೈಯೊಡ್ಡಬೇಕು. ಇದನ್ನು ಕಟ್ಟಿದವನು ಮನುಷ್ಯರನ್ನು ಬಲ್ಲವನು, ಒಪ್ಪಿಕೊಳ್ಳಲೇಬೇಕು. ಮೂವರು ಕಂಬಕ್ಕೆ ಕೈಯಿಟ್ಟು ಗಂಟೆಗಟ್ಟಲೆ ನಿಂತಾಗ ರಿಚರ್ಡ್ ತಾನಾಗಿ ಕೈ ತೆಗೆದು ನಡೆದುಬಿಟ್ಟ. ರೂಡಿಯನ್ನು ತಾನೇ ಹೊರಹಾಕುವ ಕೆಟ್ಟ ಹೆಸರು ಅವನಿಗೆ ಬೇಕಿರಲಿಲ್ಲ. ರೂಡಿ ಜಾಗ ಬದಲಿಸುವಾಗ ಮೈಮರೆತು ಕೈ ಬಿಟ್ಟ. ಗೆದ್ದ ಕೆಲ್ಲಿ ರಿಚರ್ಡನನ್ನೇ ಉಳಿಸಿಕೊಂಡಳು. ಸೂ ಎದ್ದು, ಒಂದು ಕಾಲದ ಗೆಳತಿ ಕೆಲ್ಲಿಯನ್ನು ಇಲಿಗೂ ರಿಚರ್ಡನನ್ನು ಹಾವಿಗೂ ಹೋಲಿಸಿ ಉಗಿದು, ತನ್ನ ಮತವನ್ನು ಹಾವಿಗೇ ಕೊಟ್ಟಳು. ಆ ಮಾತನ್ನು ಜನ ಇಂದಿಗೂ ನೆನೆಯುತ್ತಾರಂತೆ. ನನಗೆ ಅದು ಸ್ವಲ್ಪ ನಾಟಕವಾಯಿತು ಅನ್ನಿಸಿತು. ಆದರೆ ಸಿಟ್ಟಿಗೆ ಒಂದು ಮುಖವಿತ್ತು, ಅವಳು ಇಬ್ಬರ ಕಣ್ಣಲ್ಲೂ ಕಣ್ಣಿಟ್ಟು ಹೇಳಿದಳು.

ಅದೇ ರಾತ್ರಿ ಪಗಾಂಗಿನ ಗ್ರೆಗ್ ಮಾಡಿದ್ದು ಬೇರೆ. ಒಂದರಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಿ ಎಂದ. ಕೆಲ್ಲಿ ಮೂರು ಎಂದಳು, ರಿಚರ್ಡ್ ಏಳು ಎಂದ. ಗ್ರೆಗ್ ಮನಸ್ಸಿನಲ್ಲಿಟ್ಟುಕೊಂಡಿದ್ದು ಒಂಬತ್ತು. ಮತ ರಿಚರ್ಡನಿಗೆ ಹೋಯಿತು. ಎಣಿಕೆಯಾದಾಗ ನಾಲ್ಕು, ಮೂರು. ಆ ಸಂಖ್ಯೆಯಾಟ ಬರಿಯ ತಮಾಷೆಯಾಗಿದ್ದರೂ ಇದ್ದೀತು. 2000ದ ಆಗಸ್ಟ್ 23ರ ರಾತ್ರಿ ಅಮೆರಿಕದಲ್ಲಿ ಐದು ಕೋಟಿಗೂ ಹೆಚ್ಚು ಜನ ಇದನ್ನು ನೋಡಿದರು.

“ಈಗ ಹೇಳಿ ದೊಡ್ಡಮ್ಮ, ಯಾರು ಗೆಲ್ಲಬೇಕಿತ್ತು?” ಎಂದು ಹುಡುಗ ಫೋನಿನಲ್ಲಿ ಕೇಳಿದ. ರೂಡಿ ಎಂದೆ. ಏಕೆ ಎಂದು ಅವನು ಕೇಳಲಿಲ್ಲ. ಆ ವರ್ಷ ಜೂನ್‌ನಲ್ಲಿ ಹೊಸ ಹಾಜರಿ ಪುಸ್ತಕ ಬಂದಾಗ, ಗಂಡು ಹೆಣ್ಣು ಎಂದು ಬೇರೆ ಮಾಡದೆ ಹೆಸರು ಬರೆಯಬಹುದೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. “ಬರೀರಿ ಮೇಡಂ, ಆದರೆ ಕೊನೇಲಿ ಒಟ್ಟು ಬೇರೆ ಬೇರೆ ತೋರಿಸಬೇಕಾಗುತ್ತೆ” ಎಂದರು. ಎರಡು ಬಣ್ಣದ ಶಾಯಿಯಲ್ಲಿ ಬರೆದೆ. ಕಟ್ಟಕಡೆಯ ಹೆಸರು ಒಬ್ಬ ಹುಡುಗನದು. ಅವನ ಹೆಸರೂ ‘ಹ’ಕಾರದಿಂದಲೇ ಶುರು.