ಕಿರುಮೇಳದಲ್ಲಿ ಸಮಾನ ಮೌಲ್ಯಗಳು: ಒಂದು ವಿವೇಚನೆ

ಕರ್ಣಾಟಕ ಸಂಗೀತವನ್ನು ಕುರಿತ ನಮ್ಮ ವಿಮರ್ಶೆಯು ಬಹುಮಟ್ಟಿಗೆ ಪ್ರಧಾನ ಗಾಯಕನ ವಿಮರ್ಶೆಯಾಗಿಯೇ ಉಳಿದಿದೆ. ರಾಗಾಲಾಪನೆ, ನೆರವಲು, ಸ್ವರಕಲ್ಪನೆಗಳ ಗುಣದೋಷಗಳನ್ನು ವಿಸ್ತಾರವಾಗಿ ಎಣಿಸಿದ ಮೇಲೆ, 'ಪಕ್ಕವಾದ್ಯದವರು ಸಮರ್ಪಕವಾಗಿ ಸಹಕರಿಸಿದರು' ಎಂಬ ಒಂದೇ ವಾಕ್ಯದಲ್ಲಿ ಉಳಿದವರನ್ನು ಮುಗಿಸಿಬಿಡುವುದು ರೂಢಿ. ಆ ಸಹಕಾರವೆಂಬುದು ಯಾವುದು, ಅದರ ನಿಯಮವನ್ನು ವಿಧಿಸುವವರು ಯಾರು ಎಂಬುದನ್ನು ನಾವು ಇಲ್ಲಿ ವಿಚಾರಿಸಬಯಸುತ್ತೇವೆ.

ಬೇತಮಂಗಲದಂತಹ ಊರಿನಲ್ಲಿ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯದು. ಪಾಲಾರಿನ ನೀರು ನಿಂತ ಕೆರೆಯ ಬಳಿಯ ಈ ಊರಿನ ಒಂದು ಕಡೆ ಶ್ರೀಪಾದರಾಜರ ಮುಳುಬಾಗಿಲು. ಇನ್ನೊಂದು ಕಡೆ ಕೋಲಾರದ ಚಿನ್ನದ ಗಣಿಗಳ ಪ್ರದೇಶ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಸೀಮೆ. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ನಿತ್ಯವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಜನ ಇಲ್ಲಿ ಬಹಳ. ಇಲ್ಲಿ ನಾಲ್ವರು ಸೇರಿ ಒಂದು ಕಿರುಮೇಳವನ್ನು ಕಟ್ಟಹೊರಟರೆಂದು ಭಾವಿಸೋಣ: ಗಾಯಕ, ಪಿಟೀಲು, ಮೃದಂಗ, ಘಟ. ತ್ಯಾಗರಾಜರ ಕೃತಿಗೆ ಎಷ್ಟು ಕಾಲ, ದಾಸರ ಪದಕ್ಕೆ ಎಷ್ಟು? ಅಭ್ಯಾಸವು ಯಾರ ಬಿಡುವಿಗೆ? ಬಂದ ಸಂಭಾವನೆಯ ಹಂಚಿಕೆ ಹೇಗೆ? 'ಕಲೆಯಲ್ಲಿ ಭಕ್ತಿ' ಎಂಬ ಮಾತು ಇವುಗಳಲ್ಲಿ ಒಂದಕ್ಕೂ ಉತ್ತರವಾಗದು. ಮೇಳದಲ್ಲಿ ಹೆಚ್ಚಿನ ಅಧಿಕಾರವುಳ್ಳವನು ಏನನ್ನು ಬಿಟ್ಟುಕೊಡಲು ಸಿದ್ಧನಾಗಿದ್ದಾನೆ ಎಂಬುದರಿಂದಲೇ ಆ ಮೇಳದ ಮೌಲ್ಯವನ್ನು ಅಳೆಯಬೇಕೆಂಬುದು ನಮ್ಮ ಮತ.

ಭಜನೆಯ ಗೋಷ್ಠಿಯಲ್ಲಿ ಈ ತೊಡಕು ಅಷ್ಟಾಗಿ ತಲೆದೋರದು. ಒಬ್ಬನು ಪಲ್ಲವಿಯನ್ನು ಎತ್ತಿದರೆ ಉಳಿದವರು ಹಿಂದೆಯೇ ಹಾಡುತ್ತಾರೆ. ಅಪಸ್ವರವೂ ಹತ್ತು ಕಂಠಗಳಲ್ಲಿ ಮುಳುಗಿಹೋಗುತ್ತದೆ. ಕಚೇರಿಯಲ್ಲಿ ಮರೆಯಿಲ್ಲ.

ಘಟವನ್ನೇ ನೋಡಿರಿ. ಸುಟ್ಟ ಮಣ್ಣಿನ ಈ ವಾದ್ಯವನ್ನು ತಂತಿಯಂತೆ ಬಿಗಿಯಲೂ ಸಡಿಲಿಸಲೂ ಬರುವುದಿಲ್ಲ. ಗಾಯಕನ ಶ್ರುತಿ ಬದಲಾದರೆ ಬೇರೊಂದು ಘಟವನ್ನೇ ತರಬೇಕು. ಇಷ್ಟು ಹೊಂದಿಕೊಂಡು ಬಂದರೂ ಅದಕ್ಕೆ ಸಂದ ಹೆಸರು 'ಉಪಪಕ್ಕವಾದ್ಯ'. ತನಿ ಆವರ್ತನದಲ್ಲಿ ಅದರ ಸರದಿ ಮೃದಂಗದ ನಂತರ. ಅದರ ಪಾಲಿಗೆ ಕಾಲ ಉಳಿಯುವುದೂ ಉಳಿಯದಿರುವುದೂ ಮೃದಂಗದವರ ದಾಕ್ಷಿಣ್ಯ. ವಾದಕಿ ಸ್ತ್ರೀಯಾದರೆ ತೊಡಕು ಇನ್ನೂ ಹೆಚ್ಚು. ಟಿ. ಎಚ್. ವಿನಾಯಕರಾಮ್ ಅವರಲ್ಲಿ ಘಟವನ್ನು ಕಲಿತು ಬೆಂಗಳೂರಿನಲ್ಲಿ ನೆಲಸಿದ ಶ್ರೀಮತಿ ಸುಕನ್ಯಾ ರಾಮಗೋಪಾಲ್ ಅವರು, ತಮ್ಮೊಡನೆ ವೇದಿಕೆಯಲ್ಲಿ ಕುಳಿತು ನುಡಿಸಲು ಕೆಲವು ಮೃದಂಗ ವಾದಕರು ಒಪ್ಪದಿದ್ದುದನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. 1995ರಲ್ಲಿ ಅವರು ಸ್ತ್ರೀಯರೇ ಇರುವ 'ಸ್ತ್ರೀ ತಾಳ್ ತರಂಗ್' ಎಂಬ ಮೇಳವನ್ನು ಕಟ್ಟಿದರು. ಬೇರೆ ಬೇರೆ ಶ್ರುತಿಯ ಘಟಗಳನ್ನು ಮುಂದಿಟ್ಟುಕೊಂಡು ನುಡಿಸುವ ಅವರ ಘಟತರಂಗದಲ್ಲಿ ಹಿಂದಿನ ಸಾಲಿನ ಲಯವಾದ್ಯವೇ ಸ್ವರವನ್ನೂ ನುಡಿಯುತ್ತದೆ. ಇದು ದೊಡ್ಡ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ಮಾತನ್ನು ಸೇರಿಸಬೇಕಾಗಿದೆ. ಬಾಗಿಲು ಮುಚ್ಚಿದ ಮನೆಯ ಪಕ್ಕದಲ್ಲಿ ಬೇರೊಂದು ಮನೆಯನ್ನು ಕಟ್ಟಿದುದರಿಂದ ಮೊದಲನೆಯ ಬಾಗಿಲು ತೆರೆದಂತಾಗಲಿಲ್ಲ. ಆ ಹೊಣೆಯನ್ನು ಕಟ್ಟಿದವರ ಮೇಲೆ ಹೊರಿಸುವುದೂ ನ್ಯಾಯವಲ್ಲ.

ಇನ್ನೊಂದು ನಿದರ್ಶನ. 1966ರಲ್ಲಿ ಲಾಲ್ಗುಡಿ ಜಯರಾಮನ್, ಎನ್. ರಮಣಿ, ತಿರುವನಂತಪುರದ ಆರ್. ವೆಂಕಟರಾಮನ್ ಇವರು ಪಿಟೀಲು, ವೇಣು, ವೀಣೆಗಳನ್ನು ಒಂದುಗೂಡಿಸಿದರು. ಮೂವರೂ ಒಂಟಿಯಾಗಿ ಕಚೇರಿಯನ್ನು ನಡೆಸಬಲ್ಲವರು. ವೀಣೆಯ ಮೆಲುದನಿಯು ಉಳಿದೆರಡರ ನಡುವೆ ಕೇಳಬೇಕಾದರೆ ಕಮಾನೂ ಉಸಿರೂ ಹಿಡಿತದಲ್ಲಿರಬೇಕು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಪಿಟೀಲು ಕೇಳಿಸಲೆಂದು ನಮ್ಮ ಚೌಡಯ್ಯನವರು ಏಳು ತಂತಿಗಳನ್ನು ಬಿಗಿದರು. ಆ ಬಲವನ್ನು ಎಲ್ಲಿ ತಡೆಹಿಡಿಯಬೇಕೆಂಬುದನ್ನು ಅರಿಯದವನ ಕೈಯಲ್ಲಿ ಅದೇ ವಾದ್ಯವು ಗಾಯಕನನ್ನು ಮುಚ್ಚಿಬಿಡಬಲ್ಲುದು.

ಇನ್ನು ಬೇತಮಂಗಲದ ನಮ್ಮ ನಾಲ್ವರು. ಧ್ಯೇಯವಾಕ್ಯವನ್ನು ಬರೆಯುವ ಆತುರ ಅವರಿಗೆ ಬೇಡ. ತನಿ ಆವರ್ತನದಲ್ಲಿ ಘಟಕ್ಕೆ ಎಷ್ಟು ಹೊತ್ತು, ಘಟದವನು ಬಂಗಾರಪೇಟೆಯಲ್ಲಿ ರೈಲಿನಿಂದಿಳಿದು ಊರು ಸೇರುವವರೆಗೆ ಅಭ್ಯಾಸವನ್ನು ತಡೆಯಬಹುದೇ ಎಂಬೆರಡು ಮಾತುಗಳನ್ನು ಘಟದವನು ಕೇಳುವ ಮುನ್ನವೇ ಗಾಯಕನು ಎತ್ತಲಿ. ದಾಸರ ಪದವೋ ತ್ಯಾಗರಾಜರ ಕೃತಿಯೋ ಎಂಬುದನ್ನು ಆಮೇಲೆ ನಿರ್ಧರಿಸಿದರಾಯಿತು.