ಶ್ವಾನಸೂತ್ರ ವ್ಯಾಖ್ಯಾನ

ಡ್ವಾರ್ಫ್ ಫೋರ್ಟ್ರೆಸ್ ಎಂಬುದು ಟಾರ್ನ್ ಆಡಮ್ಸ್, ಝಾಕ್ ಆಡಮ್ಸ್ ಎಂಬ ಸಹೋದರರು 2006ರಲ್ಲಿ ಹೊರತಂದ, ಕುಬ್ಜರು ಕೋಟೆ ಕಟ್ಟಿ ಬಾಳುವ ಆಟ. ಅದರಲ್ಲಿ ಜೀವಿಗಳ ಲಕ್ಷಣವು ಯಂತ್ರಗರ್ಭದಲ್ಲಿ ಅಡಗಿಲ್ಲ. 'ರಾ', ಎಂದರೆ ಹಸಿ, ಎಂದು ಕರೆಯುವ ಪಠ್ಯಕಡತಗಳಲ್ಲಿ ಬಯಲಾಗಿದೆ. ಮಾಡ್ ಮಾಡುವವನು, ಎಂದರೆ ಆಟವನ್ನು ತನ್ನ ಇಚ್ಛೆಗೆ ತಿದ್ದಿಕೊಳ್ಳುವವನು, ನಾಯಿಯ ಪಾಠವನ್ನು ನಕಲಿಸಿಕೊಂಡು ಅದರ ಮೇಲೆ ತನ್ನ ಮೃಗವನ್ನು ಕಟ್ಟಬಲ್ಲನು. ಆ ಪಾಠವೇ ಇಲ್ಲಿ ಮೂಲ.

ಪ್ರತಿಯೊಂದು ಪದವೂ ಚೌಕಾವರಣದೊಳಗೆ ಇರತಕ್ಕದ್ದು. ಆವರಣದ ಹೊರಗೆ ಬರೆದುದನ್ನು ಆಟವು ಓದುವುದೇ ಇಲ್ಲ. ಆದುದರಿಂದ ಟಿಪ್ಪಣಿಗೆ ಅದೇ ತಾಣ.

'ಕ್ರೀಚರ್: ಡಾಗ್' ಎಂಬುದು ಮೊದಲ ಪದ. ಕ್ರೀಚರ್ ಎಂದರೆ ಜೀವಿ. ಡಾಗ್ ಎಂಬುದು ಇಲ್ಲಿ ಕರೆಯುವ ಹೆಸರಲ್ಲ, ಗುರುತು. ಉಳಿದ ಕಡತಗಳು ಈ ಜೀವಿಯನ್ನು ಅರಿಯುವುದು ಇದರಿಂದಲೇ. ಆದಕಾರಣ ಒಂದೇ ಗುರುತು ಎರಡು ಜೀವಿಗಳಿಗೆ ಸಲ್ಲದು.

'ನೇಮ್' ಎಂಬಲ್ಲಿ ಮೂರು ರೂಪಗಳುಂಟು: ಏಕವಚನ, ಬಹುವಚನ, ವಿಶೇಷಣ. ಮೂರನೆಯದು ಏತಕ್ಕೆಂದರೆ, ನಾಯಿಯ ಚರ್ಮ, ನಾಯಿಯ ಎಲುಬು ಎನ್ನಬೇಕಾದೆಡೆಗೆ. ಅನಂತರದ 'ಟೈಲ್', 'ಕಲರ್' ಎಂಬೆರಡು ಪದಗಳು ಪರದೆಯ ಮೇಲಿನ ಅಕ್ಷರವನ್ನೂ ಬಣ್ಣವನ್ನೂ ಹೇಳುವುವು, ಅಷ್ಟೇ ಸಾಕು.

'ಬಾಡಿ' ಎಂಬುದು ಈ ಪಾಠದ ನಡುಗಂಬ. ಬಾಡಿ ಎಂದರೆ ಒಡಲು. ಆದರೆ ಇಲ್ಲಿ ಒಡಲು ಇಡಿಯಾಗಿ ಬಾರದು. ನಾಲ್ಕು ಕಾಲಿನ ಮುಂಡ, ಬಾಲ, ಎರಡು ಕಣ್ಣು, ಎರಡು ಕಿವಿ, ಶ್ವಾಸಕೋಶ, ಹೃದಯ, ಮಿದುಳು ಎಂದು ಅಂಗಗಳ ಹೆಸರುಗಳು ಸಾಲಾಗಿ ಬರುವುವು. ಒಂದೊಂದು ಹೆಸರಿನ ವಿವರವೂ ಬೇರೊಂದು ಕಡತದಲ್ಲಿದೆ. ಅಲ್ಲಿ ಕಣ್ಣಿಗೆ 'ಸೈಟ್', ಎಂದರೆ ದೃಷ್ಟಿ, ಎಂಬ ಚಿಹ್ನೆ. ಮಿದುಳಿಗೆ 'ಥಾಟ್', ಎಂದರೆ ಚಿಂತನೆ. ತಾತ್ಪರ್ಯವೇನೆಂದರೆ, ಶಕ್ತಿಯು ಜೀವಿಯಲ್ಲಿಲ್ಲ, ಅಂಗದಲ್ಲಿದೆ. ಕಣ್ಣುಗಳನ್ನು ಬರೆಯದೆ ಬಿಟ್ಟರೆ ಮೃಗವು ಕುರುಡಾಗುವುದು. ಕಣ್ಣಿಲ್ಲದೆಯೂ ಕಾಣಬೇಕೆಂದರೆ 'ಎಕ್ಸ್‌ಟ್ರಾವಿಷನ್' ಎಂಬ ಇನ್ನೊಂದು ಪದವನ್ನು ಕೂಡಿಸಬೇಕು. ಎರಡು ತಲೆಯ ಮೃಗವನ್ನು ಬಯಸುವವನು ಎರಡು ಮಿದುಳಿನ ಲೆಕ್ಕವನ್ನೂ ಇಡಬೇಕು.

'ಬಾಡಿ ಡೀಟೇಲ್ ಪ್ಲಾನ್' ಎಂಬುದು ಆ ಅಂಗಗಳಿಗೆ ಹೊದಿಕೆ. ಚರ್ಮ, ಕೊಬ್ಬು, ಸ್ನಾಯು, ಎಲುಬು ಎಂಬ ಪದರಗಳನ್ನು ಇದು ಹೊರಗಿನಿಂದ ಒಳಕ್ಕೆ ಅಡುಕುವುದು. ಕತ್ತಿಯು ತಾಗಿದಾಗ ಇದೇ ಕ್ರಮದಲ್ಲಿ ಪದರಪದರವಾಗಿ ಇಳಿಯುವುದು. ಇಂತಹ ಸೂಕ್ಷ್ಮತೆಗೆ ಬೆಲೆಯೂ ಉಂಟು: 2015ರ ಡಿಸೆಂಬರಿನಲ್ಲಿ ಆಟಕ್ಕೆ ಪಾನಗೃಹಗಳು ಸೇರಿದವು. ನೆಲಕ್ಕೆ ಚೆಲ್ಲಿದ ಮದ್ಯವು ಬೆಕ್ಕಿನ ಪಾದಕ್ಕೆ ಅಂಟಿತು. ಮೈ ನೆಕ್ಕಿಕೊಂಡ ಬೆಕ್ಕು ಅಮಲೇರಿ ಸತ್ತಿತು. ಒಂದು ನೆಕ್ಕಿಗೆ ಒಂದು ಪೂರ್ಣ ಪಾತ್ರೆಯ ಮದ್ಯವೆಂದು ಲೆಕ್ಕ ಹಿಡಿದುದೇ ದೋಷ. ನೆಕ್ಕುವಿಕೆಯಲ್ಲಿ ತಪ್ಪಿರಲಿಲ್ಲ.

'ಬಾಡಿ ಸೈಜ್' ಎಂಬುದು ಗಾತ್ರ. ಇದು ಮೂರು ಬಾರಿ ಬರುವುದು. ಪ್ರತಿ ಸಲವೂ ವರ್ಷ, ದಿನ, ಘನ ಸೆಂಟಿಮೀಟರು ಎಂಬ ಮೂರು ಸಂಖ್ಯೆಗಳು. ಹುಟ್ಟಿದ ನಾಯಿಮರಿಗೆ 1000, ಒಂದು ವರ್ಷಕ್ಕೆ 12500, ಎರಡಕ್ಕೆ 30000. ನಡುವಿನ ಬೆಳವಣಿಗೆಯನ್ನು ಆಟವು ತಾನೇ ತುಂಬಿಕೊಳ್ಳುವುದು.

'ಮ್ಯಾಕ್ಸ್ ಏಜ್: 10: 20' ಎಂಬುದು ಆಯುರ್ಮಿತಿ, ಎಂದರೆ ಮುಪ್ಪಿನ ಮರಣವು ಈ ಎರಡರ ನಡುವೆ ಬರುವುದೆಂದು. ಈ ಪದವನ್ನು ಅಳಿಸಿದರೆ ಜೀವಿಗೆ ಮುಪ್ಪಿನಿಂದ ಸಾವಿಲ್ಲ. ಅಮರತ್ವವೆಂಬುದು ಇಲ್ಲಿ ವರವಲ್ಲ, ಬರೆಯದೆ ಬಿಟ್ಟ ಒಂದು ಸಾಲು.

'ಕಾಸ್ಟ್' ಎಂಬುದು ಜಾತಿಯಲ್ಲ; ಒಂದೇ ಜೀವಿಯೊಳಗಿನ ಬಗೆ, ಇಲ್ಲಿ ಹೆಣ್ಣು ಮತ್ತು ಗಂಡು. ಎರಡರಲ್ಲಿ ಒಂದನ್ನು ಮರೆತರೆ ಸಂತತಿಯಿಲ್ಲ.

'ಪ್ರೆಫ್‌ಸ್ಟ್ರಿಂಗ್' ಎಂಬುದನ್ನು ವ್ಯಾಖ್ಯಾನದಲ್ಲಿ ಕ್ರಮ ಮೀರಿ ಕಡೆಗೆ ಇರಿಸಿದೆ. ಕುಬ್ಜನೊಬ್ಬನು ಜೀವಿಯನ್ನು ಮೆಚ್ಚುವ ಕಾರಣವನ್ನು ಇದು ಹೇಳುವುದು. ನಾಯಿಗೆ ಇಲ್ಲಿ ಇರುವುದು 'ನಿಷ್ಠೆ' ಎಂಬ ಅರ್ಥದ ಒಂದೇ ಪದ. ನಕಲಿಸಿದವನು ಇದನ್ನು ತಿದ್ದಲು ಮರೆತರೆ, ಅವನು ಹೊಸದಾಗಿ ಕಟ್ಟಿದ ಆರು ಕಾಲಿನ ವಿಷಮೃಗವನ್ನೂ ಕುಬ್ಜರು ಅದರ ನಿಷ್ಠೆಗಾಗಿಯೇ ಮೆಚ್ಚುವರು.